ಮರಳಿ ಸೈಕಲ್ಲೇರಿದಾಗ

ವೇದಿಕೆಯ ಮೇಲೆ ಕುಳಿತು ಉಪನ್ಯಾಸ ಮಾಡಬೇಕಾದ ವಯಸ್ಸಿನಲ್ಲಿ ನಾವು ಗುಡ್ಡದ ದಾರಿಗಳಲ್ಲಿ ಸೈಕಲ್ಲು ತುಳಿಯುತ್ತಿರುವ ಸಂಗತಿಯು ಪರಿಚಿತರ ನಗೆಗೂ ಬಂಧುಗಳ ಕಳವಳಕ್ಕೂ ಕಾರಣವಾಗಿದೆ. ನಮಗೀಗ 65 ವರ್ಷ. ಧೋತರದ ಬದಲು ಪಾಯಿಜಾಮ, ತಲೆಗೆ ರುಮಾಲಿನ ಬದಲು ಶಿರಸ್ತ್ರಾಣ. ಈ ವೇಷದಲ್ಲಿ ನಮ್ಮನ್ನು ಮೊದಲ ಸಲ ಕಂಡ ಹಿರಿಯರೊಬ್ಬರು, "ಶಾಸ್ತ್ರಿಗಳು ಎಲ್ಲಿಗೆ ದಂಡಯಾತ್ರೆ?" ಎಂದು ಕೇಳಿದರು. ಉತ್ತರ ಕೊಡುವಷ್ಟು ಉಸಿರು ಆಗ ನಮ್ಮಲ್ಲಿ ಉಳಿದಿರಲಿಲ್ಲ. ಅವರಿಗೆ ಕೊಡಬೇಕಾಗಿದ್ದ ಉತ್ತರವನ್ನು ಈಗ ಬರೆಯುತ್ತಿದ್ದೇವೆ. ಅದು ಅವರು ಎಣಿಸಿದ್ದಕ್ಕಿಂತ ತುಸು ಉದ್ದವಾಗಿದೆ.

1972ರಲ್ಲಿ, ಹನ್ನೆರಡನೆಯ ವಯಸ್ಸಿನಲ್ಲಿ, ನಮ್ಮನ್ನು ಮಠದ ಸಂಸ್ಕೃತ ಪಾಠಶಾಲೆಗೆ ಸೇರಿಸಿದರು. ಊಟ ವಸತಿ ಪ್ರಸಾದನಿಲಯದಲ್ಲಿ. ಮಠಕ್ಕೆ ಒಂದೇ ಒಂದು ಸೈಕಲ್ಲಿತ್ತು. ಕಪ್ಪು ಬಣ್ಣದ, ದೊಡ್ಡ ಕ್ಯಾರಿಯರಿನ, ಇಬ್ಬರು ಎತ್ತಿ ನಿಲ್ಲಿಸಬೇಕಾದಷ್ಟು ಭಾರವಾದ ಸೈಕಲ್ಲು. ಜೋಳದ ಚೀಲವನ್ನು ಹಿಟ್ಟಿನ ಗಿರಣಿಗೆ ಒಯ್ಯುವ ಕೆಲಸ ನಮ್ಮ ಪಾಲಿಗೆ ಬಂದಿತು. ಕಾಲು ನಿಲುಕದಿದ್ದ ಕಾರಣ ಒಳಪೆಡಲು ಹೊಡೆದೇ ಕಲಿತೆವು. ಆಗ ನಮಗಿಂತ ಹಿರಿಯ ವಿದ್ಯಾರ್ಥಿಯೊಬ್ಬನು ಉಪದೇಶಿಸಿದ ಮಾತು ಹೀಗಿತ್ತು: "ಮುಂದಿನ ಬ್ರೇಕ್ ಮುಟ್ಟೀದಿ, ಮಾರಿ ಒಡಕೊಂಡಿ." ವ್ಯಾಕರಣದ ಸೂತ್ರಗಳನ್ನು ಪ್ರಶ್ನಿಸದೆ ಬಾಯಿಪಾಠ ಮಾಡುತ್ತಿದ್ದ ಕಾಲವದು. ಈ ಸೂತ್ರವನ್ನೂ ಹಾಗೆಯೇ ಬಾಯಿಪಾಠ ಮಾಡಿದೆವು. ಮುಂದೆ ಮೂವತ್ತು ವರ್ಷ ಅದನ್ನು ಮರುಪರೀಕ್ಷಿಸುವ ಪ್ರಮೇಯ ಬರಲಿಲ್ಲ.

ಅಧ್ಯಯನ ಮುಗಿದು, ಡಂಬಳದ ಸೀಮೆಯ ಹಳ್ಳಿಯೊಂದರಲ್ಲಿ ಕನ್ನಡ ಪಂಡಿತರಾಗಿ ನೆಲೆ ನಿಂತೆವು. ಮನೆಯ ಅಂಗಳದಲ್ಲಿ ನಿಂತರೆ ಕಪ್ಪತಗುಡ್ಡದ ಸಾಲು ಕಾಣುತ್ತದೆ. 1997ರಲ್ಲಿ ಹುಬ್ಬಳ್ಳಿಯಿಂದ ದಪ್ಪ ಟಾಯರಿನ, ನೇರ ಹ್ಯಾಂಡಲಿನ, ಹದಿನೆಂಟು ಗಿಯರುಗಳ ಸೈಕಲ್ಲೊಂದನ್ನು ತಂದೆವು. ಗುಡ್ಡದ ದಾರಿಗೆಂದೇ ಮಾಡಿದ ಸೈಕಲ್ಲೆಂದು ಅಂಗಡಿಯವನು ಹೇಳಿದ್ದ. ಅದಕ್ಕೆ ಕೊಟ್ಟ ಹಣದ ಲೆಕ್ಕವನ್ನು ನಮ್ಮ ಮನೆಯವರಿಗೆ ಪೂರ್ತಿಯಾಗಿ ಒಪ್ಪಿಸಿರಲಿಲ್ಲವೆಂಬುದನ್ನೂ ಇಲ್ಲಿಯೇ ಹೇಳಿಬಿಡುವುದು ಲೇಸು. ಭಾನುವಾರಗಳಂದು ನಸುಕಿನಲ್ಲೆದ್ದು, ಸ್ನಾನ ಪೂಜೆ ಮುಗಿಸಿ, ಗುಡ್ಡದ ಸೆರಗಿನ ಚಕ್ಕಡಿ ದಾರಿಗಳನ್ನು ಹಿಡಿಯುತ್ತಿದ್ದೆವು. ನಮ್ಮ ಮಗ ಹತ್ತು ವರ್ಷದವನಿದ್ದಾಗಿನಿಂದ ಜೊತೆಗೆ ಬರತೊಡಗಿದ. ಎರೆಹೊಲ ಮುಗಿದು ಕೆಂಪು ಗರಸು ಆರಂಭವಾಗುವೆಡೆ ರೊಟ್ಟಿಯ ಗಂಟು ಬಿಚ್ಚುವುದು, ಮೇಲೆ ಹೋಗುವಾಗ ಅವನಿಗೆ ಗಿಡಮೂಲಿಕೆಗಳ ಹೆಸರು ಹೇಳುವುದು, ಇಳಿಯುವಾಗ ಮಾತಿಲ್ಲದೆ ಇಳಿಯುವುದು. ನಾಲ್ಕು ವರ್ಷ ಹೀಗೆ ನಡೆಯಿತು.

2001ರ ನವೆಂಬರಿನ ಒಂದು ಭಾನುವಾರ. ಮಗನಿಗೆ ಹದಿನಾಲ್ಕು ವರ್ಷ. ಗಿಯರಿನ ಸೈಕಲ್ಲಿನ ಮೇಲೆ ಗುಡ್ಡದಿಂದಿಳಿಯಬೇಕೆಂಬ ಅವನ ಬಹುದಿನದ ಹಂಬಲಕ್ಕೆ ಅಂದು ನಾವು ಒಪ್ಪಿಗೆ ಕೊಟ್ಟೆವು. ನಾವು ಮನೆಯ ಹಳೆಯ ಸೈಕಲ್ಲು ಹಿಡಿದೆವು. ಮಳೆಗಾಲ ಮುಗಿದು ನೀರು ಹರಿದ ದಾರಿಯಲ್ಲಿ ಗರಸು ಸಡಿಲವಾಗಿ ಬಿದ್ದಿತ್ತು. ಎರಡನೆಯ ತಿರುವಿನಲ್ಲಿ ಅವನ ಹಿಂದಿನ ಚಕ್ರ ಹಠಾತ್ತನೆ ನಿಂತು, ಜಾರಿ, ಸೈಕಲ್ಲು ಅಡ್ಡಲಾಯಿತು. ಅವನು ಹಳ್ಳದ ಕಲ್ಲುಗಳ ಮೇಲೆ ಬಿದ್ದ. ಎಡ ಮುಂಗೈಯ ಎರಡೂ ಎಲುಬುಗಳು ಮುರಿದಿದ್ದವು. ಹೊಲದ ಕೆಲಸಕ್ಕೆ ಬಂದಿದ್ದ ಚಕ್ಕಡಿಯವರು ಅವನನ್ನು ರಸ್ತೆಗೆ ತಂದರು. ಶಸ್ತ್ರಚಿಕಿತ್ಸೆಯಾಗಿ ಎಲುಬು ಕೂಡಿದವು. ಆದರೆ ಆ ಅಂಗೈ ಪೂರ್ತಿಯಾಗಿ ಮೇಲ್ಮುಖವಾಗುವ ಶಕ್ತಿಯನ್ನು ಮರಳಿ ಪಡೆಯಲಿಲ್ಲ.

ಇಷ್ಟಲಿಂಗವನ್ನು ಎಡ ಅಂಗೈಯಲ್ಲಿ ಹಿಡಿದು ಪೂಜಿಸುವ ಮನೆತನ ನಮ್ಮದು. ಮಗನು ಅಂದಿನಿಂದ ಮೊಳಕೈಯನ್ನು ಎದೆಗೆ ಒತ್ತಿಕೊಂಡು, ಮೈಯನ್ನು ತುಸು ವಾಲಿಸಿ, ಅಂಗೈಯನ್ನು ಸಮವಾಗಿಸಿಕೊಂಡು ಪೂಜೆ ಮಾಡುತ್ತಾನೆ. ಅವನು ರಜೆಗೆ ಮನೆಗೆ ಬಂದಾಗಲೆಲ್ಲ ನಾವು ಪೂಜಾಗೃಹದಲ್ಲಿ ಅವನ ಬಲಕ್ಕೆ ಕೂಡುತ್ತೇವೆ, ಆ ಕೈ ಕಾಣದಿರಲೆಂದು.

ಸೈಕಲ್ಲು ದನದ ಮನೆಯ ಅಟ್ಟವನ್ನೇರಿತು. ಕೇಳಿದವರಿಗೆಲ್ಲ ನಾವು ಒಂದೇ ಮಾತು ಹೇಳಿದೆವು: ಹುಡುಗ ಅವಸರ ಮಾಡಿದ, ವೇಗವಾಗಿ ಇಳಿದ. ಆ ಮಾತನ್ನು ನಮ್ಮ ಬಾಯಿಂದ ಕೇಳಿದ ಬಂಧುಗಳು ಈ ಪತ್ರಿಕೆಯ ವಾಚಕರಲ್ಲಿ ಅನೇಕರಿದ್ದಾರೆ. ಈ ಲೇಖನವನ್ನು ಅವರಿಗಾಗಿಯೇ ಬರೆಯಬೇಕಾಯಿತು.

2024ರ ಜನವರಿಯಲ್ಲಿ ಮಂಡಿನೋವಿಗಾಗಿ ವೈದ್ಯರ ಬಳಿಗೆ ಹೋಗಿದ್ದೆವು. ಬಹುದೂರ ನಡೆಯುವುದಕ್ಕಿಂತ ಸೈಕಲ್ಲು ತುಳಿಯುವುದು ನಿಮ್ಮ ಮಂಡಿಗೆ ಹಿತ, ದೇಹದ ಭಾರವನ್ನು ಸೀಟು ಹೊರುತ್ತದೆ ಎಂದರವರು. ಹೃದಯದ ಪರೀಕ್ಷೆಯನ್ನೂ ಮಾಡಿಸಿ, ಆಗಬಹುದೆಂದು ಹೇಳಿದರು. ಇಪ್ಪತ್ತೆರಡು ವರ್ಷಗಳ ಬಳಿಕ ಅಟ್ಟದಿಂದಿಳಿದ ಸೈಕಲ್ಲು ಯಾವ ಸ್ಥಿತಿಯಲ್ಲಿದ್ದೀತೆಂಬುದನ್ನು ವಾಚಕರು ಊಹಿಸಬಲ್ಲರು. ಟಾಯರುಗಳು ಬಿರಿದಿದ್ದವು. ಗ್ರೀಸು ಅರಗಿನಂತೆ ಗಟ್ಟಿಯಾಗಿತ್ತು. ಬ್ರೇಕಿನ ರಬ್ಬರು ಕಲ್ಲಾಗಿತ್ತು. ಟೆಂಪೊದಲ್ಲಿ ಹೇರಿಕೊಂಡು ಗದಗಿನ ದುರಸ್ತಿ ಅಂಗಡಿಯೊಂದಕ್ಕೆ ಒಯ್ದೆವು.

ಅಂಗಡಿಯ ತರುಣನು ವಿಜಯಪುರದ ಕಡೆಯವನು. ಶಾಲಾ ದಿನಗಳಲ್ಲಿ ಸೈಕಲ್ ಸ್ಪರ್ಧೆಗಳಲ್ಲಿ ಭಾಗವಹಿಸಿದವನು. ವಿಜಯಪುರ, ಬಾಗಲಕೋಟೆ ಜಿಲ್ಲೆಗಳು ನಮ್ಮ ನಾಡಿಗೆ ಎಷ್ಟೋ ಮಂದಿ ಸೈಕಲ್ ಪಟುಗಳನ್ನು ಕೊಟ್ಟಿರುವುದು ಪ್ರಸಿದ್ಧವೇ ಆಗಿದೆ. ಅವನು ಸೈಕಲ್ಲನ್ನು ತಲೆಕೆಳಗು ಮಾಡಿ ನಿಲ್ಲಿಸಿ, ಒಂದೊಂದೇ ಭಾಗವನ್ನು ನೋಡುತ್ತ ಬಂದು, ಮುಂದಿನ ಬ್ರೇಕಿನ ಬಳಿ ತಡೆದ. "ಅಜ್ಜಾರ, ಈ ವಾಯರ್ ತುಕ್ಕು ಹಿಡದು ಬಿಟ್ಟಿದ್ದಲ್ಲರಿ. ಯಾರೋ ಪಾನಾ ಹಾಕಿ ಬೇಕಂತ ಸಡ್ಲ ಮಾಡ್ಯಾರ" ಎಂದ.

ಯಾರೋ ಅಲ್ಲ. ಆ ಭಾನುವಾರದ ಹಿಂದಿನ ರಾತ್ರಿ, ಮಗನು ಮಲಗಿದ ಮೇಲೆ, ಕಂದೀಲಿನ ಬೆಳಕಿನಲ್ಲಿ ಪಾನಾ ಹಿಡಿದವರು ನಾವೇ. ಮುಂದಿನ ಬ್ರೇಕು ಮುಟ್ಟಬೇಡವೆಂದು ಅವನಿಗೆ ಹೇಳಿದ್ದೆವು. ಮರೆತು ಮುಟ್ಟಿಯಾನೆಂಬ ಭಯದಿಂದ ನಟ್ಟನ್ನು ಸಡಿಲಿಸಿ ವಾಯರನ್ನು ಜಾರಿಸಿದ್ದೆವು. ಹಿಡಿಕೆ ಎಂದಿನಂತೆಯೇ ತೋರುತ್ತಿತ್ತು. ಹಿಡಿದರೆ ಮಾತ್ರ ಬ್ರೇಕು ಹತ್ತುತ್ತಿರಲಿಲ್ಲ. ರಕ್ಷಣೆಗೆಂದು ಮಾಡಿದ ಕೆಲಸವದು. ಮಗನಿಗೆ ಹೇಳುವ ಅಗತ್ಯವೂ ಕಂಡಿರಲಿಲ್ಲ. ಅವನು ಬಿದ್ದ ಮೇಲೆಯೂ ನಮ್ಮ ಮನಸ್ಸಿಗೆ ಈ ಎರಡು ಸಂಗತಿಗಳ ಸಂಬಂಧ ಹೊಳೆಯಲಿಲ್ಲ. ಹೊಳೆಯದಂತೆ ನಾವೇ ನೋಡಿಕೊಂಡೆವೋ ಏನೋ.

ಮುಂದಿನ ಬ್ರೇಕು ಅಪಾಯವಲ್ಲವೇ ಎಂದು ತರುಣನನ್ನು ಕೇಳಿದೆವು. ಅವನು ನಗಲಿಲ್ಲ. ಸೈಕಲ್ಲನ್ನು ನೆಟ್ಟಗೆ ನಿಲ್ಲಿಸಿ ನಮ್ಮ ಕೈಯಿಂದಲೇ ಪರೀಕ್ಷೆ ಮಾಡಿಸಿದ. ಚಲಿಸುವ ಸೈಕಲ್ಲನ್ನು ತಡೆದೊಡನೆ ಭಾರವೆಲ್ಲ ಮುಂದಕ್ಕೆ ಬರುತ್ತದೆ. ಮುಂದಿನ ಚಕ್ರ ನೆಲವನ್ನು ಒತ್ತಿ ಹಿಡಿಯುತ್ತದೆ, ಹಿಂದಿನದು ಹಗುರಾಗುತ್ತದೆ. ಇಳಿಜಾರಿನಲ್ಲಂತೂ ಭಾರ ಮೊದಲೇ ಮುಂದಿರುತ್ತದೆ. ಆಗ ಹಿಂದಿನ ಬ್ರೇಕೊಂದನ್ನೇ ನಂಬಿದರೆ ಹಗುರಾದ ಚಕ್ರ ತಿರುಗುವುದನ್ನು ನಿಲ್ಲಿಸಿ ಗರಸಿನ ಮೇಲೆ ಜಾರುತ್ತದೆಯೇ ಹೊರತು ವೇಗ ತಗ್ಗುವುದಿಲ್ಲ. ನಿಲ್ಲಿಸುವ ಹೆಚ್ಚಿನ ಶಕ್ತಿ ಮುಂದಿನ ಬ್ರೇಕಿನದು. ಅದನ್ನು ಒಮ್ಮೆಲೆ ಜಗ್ಗಿದವನು ಪಲ್ಟಿ ಹೊಡೆಯುವುದೂ ನಿಜವೇ. ಆದುದರಿಂದ ಎರಡು ಪೆಡಲುಗಳನ್ನು ಸಮಮಟ್ಟದಲ್ಲಿರಿಸಿ, ಸೀಟಿನಿಂದೆದ್ದು ಸೊಂಟವನ್ನು ಹಿಂದಕ್ಕೆ ತಂದು, ಒಂದೆರಡು ಬೆರಳುಗಳಿಂದ ಮೆಲ್ಲಗೆ ಒತ್ತಬೇಕು. ಹಿರಿಯ ವಿದ್ಯಾರ್ಥಿಯ ಸೂತ್ರದಲ್ಲಿ ಅರ್ಧ ಸತ್ಯವಿತ್ತು. ಉಳಿದರ್ಧವನ್ನು ವಿಚಾರಿಸದೆ ನಾವು ಅದನ್ನು ಮಗನಿಗೆ ದಾಟಿಸಿದ್ದೆವು. ದಾಟಿಸಿದ್ದಷ್ಟೇ ಅಲ್ಲ, ಪಾನಾ ಹಿಡಿದು ಬಿಗಿ ಮಾಡಿದ್ದೆವು.

ಆಮೇಲೆ ಈ ಗುಡ್ಡದ ಸೈಕಲ್ಲಿನ ಮೂಲವನ್ನು ಓದಿ ತಿಳಿಯುವ ಹಟ ಹುಟ್ಟಿತು. ಪಂಡಿತರ ಚಾಳಿಯಿದು: ಮಾಡಿದ ತಪ್ಪಿಗೂ ಗ್ರಂಥಾಧಾರ ಹುಡುಕುತ್ತೇವೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಮರಿನ್ ಎಂಬ ಗುಡ್ಡಗಾಡಿನ ಜಿಲ್ಲೆಯಿದೆ. 1970ರ ದಶಕದಲ್ಲಿ ಅಲ್ಲಿಯ ತರುಣರು ಎರಡನೆಯ ಮಹಾಯುದ್ಧಕ್ಕಿಂತ ಹಿಂದಿನ, ದಪ್ಪ ಟಾಯರಿನ ಭಾರದ ಸೈಕಲ್ಲುಗಳನ್ನು ಕಡಿಮೆ ಬೆಲೆಗೆ ಕೊಂಡು ಗುಡ್ಡದಿಂದಿಳಿಸುತ್ತಿದ್ದರು. ಅವುಗಳಿಗೆ ಇದ್ದುದು ಹಿಂದಿನ ಚಕ್ರದ ಬ್ರೇಕೊಂದೇ. ಪೆಡಲನ್ನು ಹಿಂದಕ್ಕೆ ಒತ್ತಿದರೆ ಹಿಡಿಯುವಂಥದು. 1976ರ ಅಕ್ಟೋಬರ್ 21ರಂದು ಫೇರ್‌ಫ್ಯಾಕ್ಸ್ ಎಂಬ ಊರಿನ ಬಳಿ ಅವರು ಮೊದಲ ಪಂದ್ಯ ನಡೆಸಿದರು. ಮೂರು ಕಿಲೋಮೀಟರಿಗೆ ಮಿಕ್ಕಿದ ಆ ದಾರಿ ಸುಮಾರು 400 ಮೀಟರು ಕೆಳಗಿಳಿಯುತ್ತಿತ್ತು. ಕೆಳಗೆ ಮುಟ್ಟುವಷ್ಟರಲ್ಲಿ ಹಿಂದಿನ ಬ್ರೇಕು ಕಾದು, ಒಳಗಿನ ಗ್ರೀಸೆಲ್ಲ ಹೊಗೆಯಾಗಿ ಹೋಗುತ್ತಿತ್ತು. ಪ್ರತಿ ಇಳಿತದ ಬಳಿಕ ಮತ್ತೆ ಗ್ರೀಸು ತುಂಬಬೇಕಾದುದರಿಂದ ಆ ದಾರಿಗೆ 'ರೀಪ್ಯಾಕ್' ಎಂದೇ ಹೆಸರು ಬಿದ್ದಿತು. ಹಿಂದಿನ ಬ್ರೇಕೊಂದೇ ಸಾಲದೆಂಬುದನ್ನು ಅವರು ಮೈಕೈ ಕೆತ್ತಿಸಿಕೊಂಡು ಕಲಿತರು. ಮುಂದಿನ ಚಕ್ರಕ್ಕೂ ಒಳ್ಳೆಯ ಬ್ರೇಕು ಹಾಕಿದರು, ಏರಲು ಗಿಯರು ಜೋಡಿಸಿದರು. 1977ರಲ್ಲಿ ಅವರಲ್ಲೊಬ್ಬರಾದ ಜೋ ಬ್ರೀಜ್ ಎಂಬವರು ಗುಡ್ಡಕ್ಕೆಂದೇ ಹೊಸ ಸೈಕಲ್ಲನ್ನು ಕಟ್ಟಿದರು. 1996ರ ಅಟ್ಲಾಂಟಾ ಒಲಿಂಪಿಕ್ಸಿನಲ್ಲಿ ಈ ಕ್ರೀಡೆಗೆ ಸ್ಥಾನ ದೊರೆಯಿತು. ನಮ್ಮ ಕೈಗೆ ಬಂದ ಹದಿನೆಂಟು ಗಿಯರಿನ ಸೈಕಲ್ಲು ಆ ವಂಶದ್ದೇ. ಅವರು ಗುಡ್ಡದ ಮೇಲೆ ಹೊಸದಾಗಿ ಸೇರಿಸಿದ್ದನ್ನು ನಾವು ದನದ ಮನೆಯಲ್ಲಿ ಕುಳಿತು ಬಿಚ್ಚಿಹಾಕಿದ್ದೆವು.

ಫೆಬ್ರವರಿಯಿಂದ ತುಳಿಯತೊಡಗಿದೆವು. ದೇಹವು ಸಮತೋಲವನ್ನು ಮರೆಯುವುದಿಲ್ಲ. ಮೊದಲ ನಿಮಿಷದಲ್ಲಿಯೇ ಸೈಕಲ್ಲು ನೆಟ್ಟಗೆ ನಡೆಯಿತು. ಉಸಿರು ಮಾತ್ರ ಎಲ್ಲವನ್ನೂ ಮರೆತಿರುತ್ತದೆ. ಊರ ಹೊರಗಿನ ಸಣ್ಣ ದಿಬ್ಬದ ನಡುವೆಯೇ ಇಳಿದು, ಹ್ಯಾಂಡಲ್ಲಿಗೆ ತಲೆಯೂರಿ ನಿಲ್ಲಬೇಕಾಯಿತು. ಕಟ್ಟಿಗೆ ಹೊತ್ತು ಬರುತ್ತಿದ್ದ ಹೆಣ್ಣುಮಕ್ಕಳು ನಮ್ಮನ್ನು ದಾಟಿ ಮುಂದೆ ಹೋದರು. ಆಗ ಗಿಯರಿನ ಉಪಕಾರ ತಿಳಿಯಿತು. ಹಳೆಯ ಕಪ್ಪು ಸೈಕಲ್ಲು ಪೆಡಲಿನ ಒಂದು ಸುತ್ತಿಗೆ ಐದು ಮೀಟರಿಗಿಂತ ಹೆಚ್ಚು ದೂರ ಸಾಗುತ್ತದೆ. ಇದರಲ್ಲಿ ಮುಂದಿನ ಸಣ್ಣ ಹಲ್ಲುಚಕ್ರಕ್ಕೂ ಹಿಂದಿನ ದೊಡ್ಡದಕ್ಕೂ 28 ಹಲ್ಲು. ಈ ಜೋಡಿಯಲ್ಲಿ ಒಂದು ಸುತ್ತಿಗೆ ಸುಮಾರು ಎರಡೇ ಮೀಟರು. ನಡಿಗೆಯ ವೇಗ, ಆದರೆ ಮಂಡಿಗೆ ನೋವಿಲ್ಲ. ಏರು ಬರುವುದಕ್ಕಿಂತ ಮೊದಲೇ ಗಿಯರು ಬದಲಿಸಬೇಕು, ಏರಿನ ನಡುವೆ ಬದಲಿಸಹೋದರೆ ಚೈನು ಕಟಕಟಿಸಿ ಮೊಂಡುಬೀಳುತ್ತದೆಂಬುದನ್ನೂ ಕಲಿತೆವು. ಒಂದು ದಿನ ತುಳಿದರೆ ಒಂದು ದಿನ ವಿಶ್ರಾಂತಿ. ಮೂರು ತಿಂಗಳಿಗೆ ಆ ದಿಬ್ಬವನ್ನು ಇಳಿಯದೆ ಏರಿದೆವು.

ಗುಡ್ಡದ ಹಳೆಯ ದಾರಿಗೆ ಮಾತ್ರ ಹೋಗಲಿಲ್ಲ. 2019ರಲ್ಲಿ ಕಪ್ಪತಗುಡ್ಡವು ವನ್ಯಜೀವಿಧಾಮವಾಯಿತು. ಕಾಡಿನೊಳಗೆ ಮನಬಂದಂತೆ ಹೋಗುವುದು ತರವಲ್ಲ. ಅದು ಒಳ್ಳೆಯದೇ ಆಯಿತು. ಆ ಎರಡನೆಯ ತಿರುವನ್ನು ಮತ್ತೆ ಕಾಣುವ ಧೈರ್ಯ ನಮಗಿರಲಿಲ್ಲ.

ಮೇ ತಿಂಗಳ ರಜೆಗೆ ಮಗ ಬೆಳಗಾವಿಯಿಂದ ಬಂದ. ಅವನ ಮಗನಿಗೆ ಹತ್ತು ವರ್ಷ. ಆ ಹುಡುಗನ ಹೊಸ ಸೈಕಲ್ಲೂ ಕಾರಿನ ಮೇಲೆ ಬಂದಿತ್ತು. ಮರುದಿನ ನಸುಕಿನಲ್ಲಿ ಮೂವರೂ ಊರ ಹೊರಗಿನ ದಿಬ್ಬಕ್ಕೆ ಹೋದೆವು. ಮಗ ನೆರೆಮನೆಯವರ ಸೈಕಲ್ಲು ತಂದಿದ್ದ. ತುದಿಯಲ್ಲಿ ನಿಂತಾಗ ಅವನು ಮೊಣಕಾಲೂರಿ ಹುಡುಗನ ಸೈಕಲ್ಲಿನ ಬ್ರೇಕುಗಳನ್ನು ಪರೀಕ್ಷಿಸತೊಡಗಿದ. ಮೊದಲು ಮುಂದಿನದು. ಎಡಗೈಯಿಂದ ಚಕ್ರವನ್ನು ಹಿಡಿಯಲು ಅವನು ಮೈಯನ್ನು ವಾಲಿಸಿದ.

ಹುಡುಗನು ದೂರದ ಗಾಳಿಯಂತ್ರಗಳನ್ನು ಎಣಿಸುತ್ತಿದ್ದ. ನಾವು ಆಗ ಹೇಳಿದೆವು. ಎಷ್ಟೋ ಸಭೆಗಳಲ್ಲಿ ಎರಡು ಗಂಟೆ ತಡವರಿಸದೆ ಮಾತಾಡಿದ ಬಾಯಿ ಅಂದು ನಾಲ್ಕು ವಾಕ್ಯಗಳಿಗೆ ಬಹಳ ಹೊತ್ತು ತೆಗೆದುಕೊಂಡಿತು. ಪಾನಾ, ಕಂದೀಲು, ನಟ್ಟು, ಎಲ್ಲವನ್ನೂ ಹೇಳಿದೆವು. ಊರಿಗೆಲ್ಲ ಅವಸರ ಅವನದೆಂದು ಸಾರಿದ್ದನ್ನೂ ಹೇಳಿದೆವು.

ಮಗ ತಲೆಯೆತ್ತಲಿಲ್ಲ. "ನನಗ ಅವತ್ತ ಗೊತ್ತಾಗಿತ್ರಿ ಅಪ್ಪಾಜಿ" ಎಂದ. "ಹಿಂದಿನ ಗಾಲಿ ಜಾರಿದ ಕೂಡ್ಲೆ ಮುಂದಿಂದು ಹಿಡದೆ. ಹತ್ತಲಿಲ್ಲ. ನೀವು ರಾತ್ರಿ ದನದ ಮನ್ಯಾಗ ಇದ್ದದ್ದು ನೋಡಿದ್ದೆ."

ಮತ್ತೇಕೆ ಹೇಳಲಿಲ್ಲವೆಂದು ಕೇಳಿದೆವು.

"ಹೇಳಿದ್ರ ನೀವು ಸೈಕಲ್ ಹೊಡಿಯೂದು ಬಿಟ್ಟಬಿಡ್ತಿದ್ರಿ."

ಅವನು ಹೇಳದಿದ್ದರೂ ಬಿಟ್ಟಿದ್ದೆವು. ಅದನ್ನು ಅವನೂ ಬಲ್ಲ. ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನೆ ನಿಂತೆವು. ಹುಡುಗ ಹೊರಡೋಣವೆಂದು ಪೀಡಿಸತೊಡಗಿದ. ಮಗನು ಅವನ ಬೆರಳುಗಳನ್ನು ಎರಡೂ ಹಿಡಿಕೆಗಳ ಮೇಲೆ ಇರಿಸಿ, "ಎರಡೂ ಕೂಡಿ ಹಿಡಿ, ಮೆಲ್ಲಕ. ಕುಂಡಿ ಹಿಂದ" ಎಂದು ಹೇಳಿಕೊಟ್ಟ. ಮೊಮ್ಮಗ ಮುಂದೆ, ಮಗ ಅವನ ಬೆನ್ನಿಗೆ ಇಳಿದರು. ನಡುವಿನ ಕಡಿದಾದ ತಿರುವಿನಲ್ಲಿ ಹುಡುಗ ವೇಗ ತಗ್ಗಿಸಿ, ಒಂದು ಕಾಲು ಊರಿ, ಮತ್ತೆ ಮುಂದುವರಿದ. ನಾವು ಕೊನೆಯಲ್ಲಿ ಹೊರಟೆವು. ಆ ತಿರುವು ಬಂದಾಗ ಸೈಕಲ್ಲಿನಿಂದಿಳಿದು, ತಳ್ಳಿಕೊಂಡು ಹೋಗಿ, ಸಮವಾದ ನೆಲ ಸಿಕ್ಕ ಮೇಲೆ ಮತ್ತೆ ಹತ್ತಿದೆವು. ಕೆಳಗೆ ಬೇವಿನ ಮರದ ನೆರಳಿನಲ್ಲಿ ಅವರಿಬ್ಬರೂ ರೊಟ್ಟಿಯ ಗಂಟು ಬಿಚ್ಚಿಕೊಂಡು ಕುಳಿತಿದ್ದರು.