ನಗು ಎಲ್ಲಿ ನಿಲ್ಲಬೇಕು?

ನಾಟಕ ನೋಡುತ್ತಾ ಜೋರಾಗಿ ನಕ್ಕು, ಮರುಕ್ಷಣವೇ ‘ಅಯ್ಯೋ, ನಾನು ನಗಬಾರದಿತ್ತು’ ಎಂದು ನಿಮಗೆ ಎಂದಾದರೂ ಅನಿಸಿದ್ದುಂಟೇ? ನನಗೆ ಹಾಗಾಯಿತು. ಅದೂ ನನ್ನ ಮಗಳೇ ವೇದಿಕೆಯ ಮೇಲಿದ್ದಾಗ.

ಅವಳು ಚನ್ನಪಟ್ಟಣದ ಕಾಲೇಜೊಂದರಲ್ಲಿ ಓದುತ್ತಾಳೆ. ವಾರ್ಷಿಕೋತ್ಸವಕ್ಕೆ ಗಿರೀಶ್ ಕಾರ್ನಾಡರ ‘ತುಘಲಕ್’ ನಾಟಕದ ಕೆಲವು ದೃಶ್ಯಗಳನ್ನು ಆಡುತ್ತೇವೆ, ನನಗೂ ಒಂದು ಸಣ್ಣ ಪಾತ್ರವಿದೆ ಎಂದಳು. ಹೆಸರು ಕೇಳಿಯೇ ನನಗೆ ಅಳುಕು. ಯಾರಾದರೂ ತಲೆಬುಡವಿಲ್ಲದ ಆದೇಶ ಹೊರಡಿಸಿದರೆ ‘ತುಘಲಕ್ ದರ್ಬಾರು’ ಎಂದು ಆಡಿಕೊಳ್ಳುವುದು ನಮ್ಮಲ್ಲಿ ರೂಢಿ. ಸುಲ್ತಾನನನ್ನು ಕಂಡು ನಗುವ ಜನ ಬುರ್ಖಾ ತೊಟ್ಟು ಕುಳಿತ ನನ್ನನ್ನೂ ತಿರುಗಿ ನೋಡಿದರೆ? “ನೀವು ಬರಲೇಬೇಕು ಅಮ್ಮಿ” ಎಂದು ಹಟ ಹಿಡಿದಳು. ರಾಮನಗರದಿಂದ ಬಸ್ಸು ಹತ್ತಿದೆ.

ನಾಟಕ 1964ರದು. ಮುಹಮ್ಮದ್ ಬಿನ್ ತುಘಲಕ್ 1325ರಿಂದ 1351ರವರೆಗೆ ದೆಹಲಿಯನ್ನು ಆಳಿದ ಸುಲ್ತಾನ. ರಾಜಧಾನಿಯನ್ನು ದೌಲತಾಬಾದಿಗೆ ಸಾಗಿಸಿದ, ಬೆಳ್ಳಿಯ ಬೆಲೆಗೆ ತಾಮ್ರದ ನಾಣ್ಯ ತಂದ ಕಥೆಯನ್ನು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ನಾಟಕದಲ್ಲಿ ಅವನ ಜೊತೆಗೆ ಇಬ್ಬರು ನಗೆಗಾರರಿದ್ದಾರೆ. ಅಗಸ ಅಝೀಝ್, ಜೇಬುಗಳ್ಳ ಆಝಂ. ಹಳೆಯ ಕಂಪೆನಿ ನಾಟಕಗಳಲ್ಲಿ ಪರದೆಯ ಹಿಂದೆ ದರ್ಬಾರು ಸಿದ್ಧವಾಗುವ ತನಕ ಮುಂದೆ ಹಾಸ್ಯದವರು ಬಂದು ನಗಿಸುತ್ತಿದ್ದರು. ಆ ಪದ್ಧತಿಯನ್ನೇ ಕಾರ್ನಾಡರು ಬಳಸಿಕೊಂಡರು. ಆದರೆ ಇವರು ಪರದೆಯ ಮುಂದೆಯೇ ನಿಲ್ಲುವುದಿಲ್ಲ; ಕೊನೆಗೆ ಅಝೀಝ್ ಸುಲ್ತಾನನ ಅರಮನೆಗೇ ನುಗ್ಗುತ್ತಾನೆ.

ಅಂದು ಅಝೀಝನಾದ ಹುಡುಗ ಮಾಗಡಿ ಕಡೆಯವನಂತೆ. ಗೂಡಿನ ಮಾರುಕಟ್ಟೆಯ ದಲ್ಲಾಳಿಯ ಧಾಟಿಯಲ್ಲಿ ಮಾತು ಎತ್ತಿದ್ದೇ ತಡ, ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಬ್ರಾಹ್ಮಣನ ವೇಷ ಹಾಕಿ, ಸುಲ್ತಾನನ ಮೇಲೆಯೇ ದಾವೆ ಹೂಡಿ, ಗೆದ್ದು, ಹಣದೊಂದಿಗೆ ಸರಕಾರಿ ನೌಕರಿಯನ್ನೂ ಗಿಟ್ಟಿಸಿಕೊಂಡ! ಹಳ್ಳಿಯ ‘ಕುರುಕ್ಷೇತ್ರ’ ನಾಟಕದಲ್ಲಿ ಹಾಡಿಗೆ ಕೂಗುವಂತೆ ಹಿಂದಿನಿಂದ ಯಾರೋ ‘ಒನ್ಸ್ ಮೋರ್’ ಎಂದರು. ಯಾರೂ ನನ್ನತ್ತ ತಿರುಗಲಿಲ್ಲ. ನನ್ನ ಅಳುಕು ಕರಗಿತು, ನಾನೂ ನಕ್ಕೆ.

ಮುಂದೆ ದೌಲತಾಬಾದಿನ ದಾರಿ. ಮಗಳು ಬಂದದ್ದು ಆಗ, ಸಾಯುತ್ತಿರುವ ಮಗುವನ್ನು ಎತ್ತಿಕೊಂಡ ಹಿಂದೂ ತಾಯಿಯಾಗಿ. ವೈದ್ಯರಲ್ಲಿಗೆ ಹೋಗಿಬರುತ್ತೇನೆ, ಬಿಡಿ ಎಂದು ಅಂಗಲಾಚುತ್ತಾಳೆ. ಅಧಿಕಾರಿಯಾಗಿರುವ ಅಝೀಝ್ ಲಂಚವಿಲ್ಲದೆ ಬಿಡುವುದಿಲ್ಲ. ಅವನು ಅದೇ ಧಾಟಿಯಲ್ಲಿ ಮಾತಾಡಿದ. ಸಭೆ ಮತ್ತೆ ನಕ್ಕಿತು. ನಾನೂ! ಮಗಳ ಅಳು ಕಿವಿಗೆ ಬಿದ್ದಾಗಲೇ ನನ್ನ ಬಾಯಿ ಮುಚ್ಚಿದ್ದು. ನಿಧಾನವಾಗಿ ಸಭೆಯೂ ಮೌನವಾಯಿತು.

ಹಿಂದಿರುಗುವಾಗ ಬಸ್ಸಿನಲ್ಲಿ ಅವಳು ಮುಖ ಊದಿಸಿಕೊಂಡಿದ್ದಳು. “ನಾನು ಅಳುವಾಗ ಜನ ನಕ್ಕರು ಅಮ್ಮಿ. ನೀವೂ ನಕ್ಕಿರಾ?”

ಸುಳ್ಳು ಹೇಳಲಾಗಲಿಲ್ಲ. “ಹೌದು ಬೇಟಿ, ನಕ್ಕೆ” ಎಂದೆ.

ಸ್ವಲ್ಪ ಹೊತ್ತು ಕಿಟಕಿಯ ಆಚೆ ನೋಡುತ್ತಾ ಕುಳಿತಳು. ಬಳಿಕ ಅವರ ಮೇಷ್ಟ್ರು ತಾಲೀಮಿನಲ್ಲಿ ಹೇಳಿದ್ದ ಒಂದು ಸಂಗತಿ ತಿಳಿಸಿದಳು. ಅಮೆರಿಕದ ಅಧ್ಯಕ್ಷನಾಗಿದ್ದ ಆಂಡ್ರೂ ಜಾಕ್ಸನ್ 1830ರ ಕಾಯಿದೆಗೆ ಸಹಿ ಹಾಕಿ, ಮೂಲನಿವಾಸಿಗಳನ್ನು ಅವರ ನೆಲದಿಂದ ಎಬ್ಬಿಸಿದವನು. ದಾರಿಯಲ್ಲಿ ಸಾವಿರಾರು ಜನ ಸತ್ತರು. ಅವನನ್ನು ರಾಕ್ ಗಾಯಕನಂತೆ ಕುಣಿಸಿ ಲೇವಡಿ ಮಾಡುವ ಸಂಗೀತ ನಾಟಕವೊಂದು 2010ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇಗೆ ಬಂತು. ನಕ್ಕವರು ಬಹಳ. ಆದರೆ 2014ರಲ್ಲಿ ಮಿನಿಯಾಪೊಲಿಸ್ ನಗರದಲ್ಲಿ ಅದನ್ನು ಆಡಿದಾಗ ಮೂಲನಿವಾಸಿ ರಂಗಕರ್ಮಿಗಳು ಪ್ರತಿಭಟಿಸಿದರು. ನಗೆಯ ಗುರಿ ಜಾಕ್ಸನ್ನೇ ಇರಬಹುದು, ಗಾಯ ಮಾತ್ರ ನಮ್ಮದು ಎಂಬುದು ಅವರ ನೋವು.

ನೋಡಿ, ಅಲ್ಲೂ ಮನೆಮಠ ಬಿಟ್ಟು ನಡೆದವರ ದಾರಿ, ಇಲ್ಲೂ ಅದೇ. ನನ್ನನ್ನು ನೋಡಿ ಯಾರಾದರೂ ನಗುತ್ತಾರೆಂದು ಹೆದರಿ ಹೋದವಳು ನಾನು. ಕೊನೆಗೆ ಇನ್ನೊಬ್ಬ ತಾಯಿಯ ಸಂಕಟಕ್ಕೆ ನಕ್ಕವಳೂ ನಾನೇ. ಆಳುವವರನ್ನು ಕಂಡು ನಗುವುದು ತಪ್ಪಲ್ಲ. ಅವರ ಹುಚ್ಚಾಟದ ಬೆಲೆ ತೆರುವವರು ಎದುರಿಗೆ ಬಂದಾಗ ಆ ನಗು ತಾನಾಗಿ ನಿಲ್ಲಬೇಕು. ನನ್ನದು ಒಂದು ಕ್ಷಣ ತಡವಾಗಿ ನಿಂತಿತು.

“ಕೊನೆಗೆ ಎಲ್ಲರೂ ಸುಮ್ಮನಾದರಲ್ಲ, ಅದು ನಿನ್ನಿಂದಲೇ” ಎಂದೆ. ಅವಳು ಏನೂ ಹೇಳದೆ ನನ್ನ ಭುಜಕ್ಕೆ ತಲೆಯಾನಿಸಿದಳು. ಬಸ್ಸಿನ ಟಿ.ವಿ.ಯಲ್ಲಿ ಯಾವುದೋ ಹಾಸ್ಯ ದೃಶ್ಯ ಬರುತ್ತಿತ್ತು. ಒಬ್ಬ ಬಡಪಾಯಿಯ ಕೆನ್ನೆಗೆ ಏಟು ಬೀಳುತ್ತಿತ್ತು, ಎಲ್ಲರೂ ನಗುತ್ತಿದ್ದರು. ಆ ಹೊತ್ತಿಗೆ ನನಗೆ ನಗು ಬರಲಿಲ್ಲ. ನಿಮಗೆ ಬರುತ್ತಿತ್ತೇ?