ಗಾಳಿಗೆ ಮುಂದ ಯಾರು?

"ಒಂದೇ ರಸ್ತಾದಾಗ ಗಾಣದ ಎತ್ತಿನ ಹಂಗ ಸುತ್ತಿ ಬರಲಿಕ್ಕೆ ರೊಕ್ಕ ಬ್ಯಾರೆ ಕಟ್ಟತೀಯೇನ?" ಅಂತ ನಮ್ಮ ವೈನಿ ಕೇಳಿದ್ರು. ಓಣಿಯ ಮೌಶಿಗಳೂ ಇದನ್ನs ಕೇಳ್ಯಾರ. ಎಲ್ಲಾರಿಗೂ ಕೂಡೇ ಇಲ್ಲೇ ಹೇಳಿಬಿಡ್ತೇನಿ.

ಈ ರೇಸಿಗೆ ಕ್ರೈಟೀರಿಯಮ್ ಅಂತಾರ. ಒಂದೆರಡು ಕಿಲೋಮೀಟರಿನ ರಸ್ತಾ ಬಂದ್ ಮಾಡಿ, ಅದರಾಗೇ ಸುತ್ತು ಹೊಡೀಬೇಕು. ನಮ್ಮದು 30 ನಿಮಿಷ, ಅದರ ಮ್ಯಾಲೆ ಎರಡು ಸುತ್ತು. ಕಡೀ ಸುತ್ತಿಗೆ ಗಂಟಿ ಬಾರಸ್ತಾರ. ಫ್ರಾನ್ಸ್, ಬೆಲ್ಜಿಯಮ್ ಕಡೆ ಟೂರ್ ದ ಫ್ರಾನ್ಸ್ ಮುಗದ ಮ್ಯಾಲೆ ಊರೂರಿಗೆ ಇಂಥಾ ರೇಸು ನಡೀತಾವ. ದೂರದ ರೇಸಿನ್ಯಾಗ ಸೈಕಲ್ಲು ಒಮ್ಮೆ ಝುಮ್ ಅಂತ ಹೋದವು ಅಂದ್ರ ಮುಗೀತು. ಇಲ್ಲೆ ಎರಡು ಮೂರು ನಿಮಿಷಕ್ಕೊಮ್ಮೆ ಹೊಳ್ಳಿ ಕಣ್ಣ ಮುಂದ ಬರ್ತಾವ. ಅದಕ್ಕs ನಮ್ಮ ಅತ್ತಿಯವರೂ ಈ ಸಲ ಕುರ್ಚಿ ಹಾಕ್ಕೊಂಡು ನೋಡಲಿಕ್ಕೆ ಕೂತ್ರು.

ಇದರಾಗ ಒಂದು ಕೆಟ್ಟ ನಿಯಮ ಅದ. ಮುಂದಿನವರು ಪೂರಾ ಒಂದು ಸುತ್ತು ಹೆಚ್ಚು ಹೊಡದು ನಿಮ್ಮ ಬೆನ್ನಿಗೆ ಬಂದ್ರ, ಸೀಟಿ ಊದಿ ನಿಮ್ಮನ್ನ ಹೊರಗ ಕಳಸ್ತಾರ. ಹ್ವಾದ ವರ್ಷ ಎಂಟನೇ ಸುತ್ತಿಗೆ ನನ್ನ ಹಂಗs ಕಳಿಸಿದ್ರು. "44 ಆತು, ಸಾಕು ಬಿಡು" ಅಂದವರು ಭಾಳ ಮಂದಿ. ಈ ಸಲ ನನಗ ಗೆಲ್ಲೂದು ಬೇಕಾಗಿರಲಿಲ್ಲ, ಆ ಸೀಟಿ ಕೇಳಬಾರದಿತ್ತು, ಅಷ್ಟs.

ಮೇ ತಿಂಗಳ ರವಿವಾರ, ಬೆಂಗಳೂರಿನ ಒಂದು ಆಫೀಸ್ ಕ್ಯಾಂಪಸ್ಸಿನ ಒಳಗಿನ ರಸ್ತಾ. ಹೆಂಗಸರ ಪಾಳಿ ಬರೂದರಾಗ ಎಂಟೂವರಿ. ಡಾಂಬರಿನಿಂದ ಝಳ ಹೊಡೀಲಿಕ್ಕತ್ತಿತ್ತು. ಉಪ್ಪು, ಸಕ್ಕರಿ ಹಾಕಿದ ನಿಂಬಿ ಪಾನಕ ಬಾಟಲಿಗೆ ತುಂಬ್ಕೊಂಡಿದ್ದೆ. ನಾವು 14 ಮಂದಿ.

ತಿರುವು ಬರೂಕಿಂತ ಮೊದಲs ಬ್ರೇಕ್ ಹಿಡೀಬೇಕು. ತಿರುಗೂವಾಗ ಒಳಮಗ್ಗಲಿನ ಪೆಡಲ್ ಮ್ಯಾಲಿರಬೇಕು, ಇಲ್ಲಾಂದ್ರ ಅದು ನೆಲಕ್ಕ ಬಡದು ಕೆಡವ್ತದ. ತಿರುವು ದಾಟಿದ ಕೂಡ್ಲೇ ಮುಂದಿನವರು ಜಿಗೀತಾರ, ಹಿಂದಿನವರು ಅವರಕಿಂತ ಜೋರು ಜಿಗೀಬೇಕು. ನಾಕನೇ ಸುತ್ತಿನ ತನಕ ಗುಂಪಿನ ಬಾಲ ಹಿಡದಿದ್ದೆ. ಐದನೇ ಸುತ್ತಿಗೆ ತಪ್ಪೇ ಹೋತು. ನಡುವ ಹತ್ತು ಮಾರು, ಆಮ್ಯಾಲೆ ಇಪ್ಪತ್ತು.

ನನ್ನ ಜೋಡಿ ಹಿಂದ ಉಳದಾಕಿ ಒಬ್ಬ ಹುಡುಗಿ, ನನ್ನ ಮಗಳ ವಾರಿಗಿಯಾಕಿ. "ಆಂಟಿ, ಅರ್ಧ ಸುತ್ತು ನೀವು, ಅರ್ಧ ಸುತ್ತು ನಾನು" ಅಂದ್ಲು.

ಆ ವೇಗದಾಗ ಕಾಲಿನ ಶಕ್ತಿ ಹೆಚ್ಚಿನದು ಗಾಳಿ ಸರಸಲಿಕ್ಕೇ ಹೋಗ್ತದ. ಒಬ್ಬರ ಗಾಲಿಗೆ ಹತ್ತಿ ಹಿಂದ ಇದ್ದರ ಸುಮಾರು ಕಾಲು ಭಾಗ ಶ್ರಮ ಉಳೀತದ. ಮದುವಿ ಮನ್ಯಾಗ ಹೋಳಿಗಿ ಲಟ್ಟಸೂವಾಗ ಒಬ್ಬಾಕಿ ರಟ್ಟಿ ಸೋತ್ರ ಇನ್ನೊಬ್ಬಾಕಿ ಲಟ್ಟಣಿಗಿ ಇಸಗೊಳ್ತಾಳಲ್ಲ, ಹಂಗs. ಮಾತಿಲ್ಲ, ಮೊಣಕೈ ಅಲ್ಲಾಡಿಸಿದ್ರ "ಇನ್ನ ನೀ ಬಾ" ಅಂತ ಅರ್ಥ. ಒಬ್ಬಾಕಿನೇ ಇದ್ದಿದ್ರ ನಾ ಎಂಟನೇ ಸುತ್ತಿಗೇ ಹೊರಗ. ಆಕಿನೂ ಹೊರಗ.

ಹನ್ನೊಂದನೇ ಸುತ್ತಿನ್ಯಾಗ ಹೊಳ್ಳಿ ನೋಡಿದ್ರ ಮುಂದಿನವರ ಗುಂಪು ನಮ್ಮ ಹಿಂದಿನ ತಿರುವಿನ್ಯಾಗ ಕಾಣಸ್ತು. ಸೀಟಿಯವರು ಸೀಟಿ ಬಾಯಾಗ ಇಟ್ಟಕೊಂಡೇ ನಿಂತಿದ್ರು. ನನ್ನ ಪಾಳಿ ಮುಗದಿತ್ತು, ಆಕಿ ಬಾಯಿ ತಗದು ತೇಕಲಿಕ್ಕತ್ತಿದ್ಲು. ನಾ ಮೊಣಕೈ ಅಲ್ಲಾಡಸಲಿಲ್ಲ, ಇನ್ನರ್ಧ ಸುತ್ತು ಎಳದೆ. ಗುಂಪು ನಮ್ಮನ್ನ ಮುಟ್ಟಲಿಲ್ಲ. ಗಂಟಿ ನಮಗೂ ಬಾರಿಸಿದ್ರು.

ಕಡೀ ನೂರು ಮೀಟರಿಗೆ ಆ ಹುಡುಗಿ ನನ್ನ ಬಾಜೂಲಿಂದ ಸರ್ರನ ಹೋದ್ಲು. ಆಕಿ ಎಂಟನೇದಾಕಿ, ನಾ ಒಂಬತ್ತನೇದಾಕಿ.

ಅತ್ತಿಯವರಿಗೆ ಸಿಟ್ಟು ಬಂದಿತ್ತು. "ಇಷ್ಟೊತ್ತು ನಿನ್ನ ಬೆನ್ನಿಗೆ ಹತ್ತಿ ಬಂದು ಕಡೀಕ ನಿನ್ನೇ ಹಿಂದ ಹಾಕಿದ್ಲಲ್ಲ!" ಅಂದ್ರು. "ಅತ್ತಿ, ನಾನೂ ಆಕಿ ಬೆನ್ನಿಗೆ ಹತ್ತೇ ಬಂದೇನಿ. ಗೆರಿ ಹತ್ರ ಬಂದ ಮ್ಯಾಲೆ ಯಾರ ಕಾಲಾಗ ಕಸು ಅದನೋ ಅವರದು" ಅಂದೆ. ಸ್ವಲ್ಪ ಹೊತ್ತು ಸುಮ್ಮನ ಇದ್ರು. ಆಮ್ಯಾಲೆ ಅವಲಕ್ಕಿ ಡಬ್ಬಿ ತಗದು ಮೊದಲ ಆ ಹುಡುಗಿಗೇ ಕೊಟ್ರು.

ಮುಂದಿನ ರೇಸು ಇದ್ದಾಗ ಹೇಳ್ತೇನಿ, ನೋಡಲಿಕ್ಕೆ ಬರ್ರಿ. ಛತ್ರಿ, ನೀರು ತರ್ರಿ. ತಿರುವಿನ ಹೊರಮಗ್ಗಲಿಗೆ ಮಾತ್ರ ನಿಂದರಬ್ಯಾಡ್ರಿ, ಬಿದ್ದವರು ಜಾರಿಕೊಂಡು ಅಲ್ಲೇ ಬರ್ತಾರ.