ಕಿವಿಯ ದೋಷವೋ, ಗುಂಡಿಯ ದೋಷವೋ?

1935ರಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲಿಯೇ ಬಾನುಲಿ ಕೇಂದ್ರವನ್ನು ತೆರೆದ ಕಥೆಯನ್ನು ನಮ್ಮ ತಂದೆಯವರು ನೂರು ಸಲ ಹೇಳಿರುವರು. ಅಂತಹ ಸಂಗೀತಪ್ರಿಯರು ಕಳೆದ ವರ್ಷ, ಕೃಷ್ಣರಾಜಪೇಟೆಯ ನಮ್ಮ ಮನೆಯಲ್ಲಿ, ಸಂಗೀತ ಕೇಳುವುದನ್ನೇ ಬಿಟ್ಟುಬಿಟ್ಟರು. “ಎಡಗಿವಿ ಹೋಯಿತಪ್ಪ, ಇನ್ನು ನನಗೇಕೆ?” ಎಂದರು. ರಾತ್ರಿ ಮಕ್ಕಳು ಮಲಗಿದಮೇಲೆ ದನಿಯನ್ನು ತಗ್ಗಿಸಿದರೆ, ಎಡಗಡೆಯ ಸ್ಪೀಕರು ಅವರಿಗೆ ಕೇಳಿಸುತ್ತಲೇ ಇರಲಿಲ್ಲ.

ವೈದ್ಯರು ಪರೀಕ್ಷಿಸಿ ಎರಡು ಕಿವಿಗಳೂ ಸಮವಾಗಿವೆಯೆಂದರು, ತಂದೆಯವರು ನಂಬಲಿಲ್ಲ. ಕಡೆಗೆ, ಪಾಂಡವಪುರದಲ್ಲಿ ರೇಡಿಯೋ ರಿಪೇರಿ ಮಾಡುವ ಪರಿಚಿತರೊಬ್ಬರು ಬಂದು, ಆಂಪ್ಲಿಫಯರಿನ ಹಿಂದೆ ಎರಡು ಸ್ಪೀಕರುಗಳ ತಂತಿಗಳನ್ನು ಅದಲುಬದಲು ಮಾಡಿದರು. ಒಡನೆಯೇ ತಂದೆಯವರು, “ಅರೆ! ಈಗ ಬಲಗಿವಿ ಕೆಟ್ಟಿತಲ್ಲ!” ಎಂದರು. ನಾವು ನಕ್ಕೆವು, ಅವರ ಕಣ್ಣಿನಲ್ಲಿ ನೀರಾಡಿತು.

ದೋಷವಿದ್ದುದು ವಾಲ್ಯೂಮ್ ಗುಂಡಿಯಲ್ಲಿ. ಅದರೊಳಗೆ ಎಡಕ್ಕೊಂದು, ಬಲಕ್ಕೊಂದು ಇಂಗಾಲದ ಪಟ್ಟಿಯ ರೆಸಿಸ್ಟರುಗಳಿರುತ್ತವೆ. ದನಿಯನ್ನು ಬಹಳ ತಗ್ಗಿಸಿದಾಗ, ಅಗ್ಗದ ಪಟ್ಟಿಗಳು ಒಂದಕ್ಕೊಂದು ಸರಿಹೊಂದುವುದಿಲ್ಲ.

ಟ್ರಾನ್ಸ್‌ಫಾರ್ಮರಿನ ರೀತಿಯೇ ಬೇರೆ. ರೆಸಿಸ್ಟರು ಹೆಚ್ಚಿನ ಪಾಲನ್ನು ಶಾಖವಾಗಿ ಕಳೆಯುವುದು. ಟ್ರಾನ್ಸ್‌ಫಾರ್ಮರು ಬಾವಿಯ ಏತದಂತೆ ವಿನಿಮಯ ಮಾಡುವುದು. ಏತದ ಉದ್ದನೆಯ ತುದಿ ಬಹುದೂರ ಚಲಿಸಿದರೆ ಗಿಡ್ಡ ತುದಿ ಸ್ವಲ್ಪವೇ ಚಲಿಸುವುದು, ಆದರೆ ಹೆಚ್ಚು ಬಲದಿಂದ. ಅಂತೆಯೇ ತಂತಿಯ ಸುತ್ತುಗಳನ್ನು ಹತ್ತಕ್ಕೊಂದು ಮಾಡಿದರೆ ವೋಲ್ಟೇಜು ಹತ್ತನೆಯ ಒಂದು ಪಾಲಿಗಿಳಿದು, ಕರೆಂಟು ಕೊಡುವ ಶಕ್ತಿ ಹತ್ತರಷ್ಟಾಗುವುದು. ಎರಡು ಕಡೆಗೂ ಸುತ್ತುಗಳ ಲೆಕ್ಕ ಒಂದೇ ಆದುದರಿಂದ ದನಿಯೂ ಸಮನಾಗಿರುವುದು. ಆದರೆ ಕಬ್ಬಿಣ, ತಾಮ್ರಗಳ ಭಾರವೂ ಬೆಲೆಯೂ ಅಧಿಕ. ಕರೆಂಟಿನ ತಂತಿ ಸಮೀಪವಿದ್ದರೆ ಗುಂಯ್‌ಗುಡುವ ಸದ್ದನ್ನೂ ಅದು ಹಿಡಿದುಕೊಳ್ಳಬಹುದು.

ಶ್ರೀರಂಗಪಟ್ಟಣದ ಸ್ನೇಹಿತರು ಟ್ರಾನ್ಸ್‌ಫಾರ್ಮರನ್ನೇ ಕೊಳ್ಳಿರೆಂದು ಒತ್ತಾಯಪಡಿಸಿದರು. ನಮಗೆ ಬೇಕಾಗಿದ್ದುದು ತಂದೆಯವರಿಗೆ ಮೆಲುದನಿಯಲ್ಲಿ ಎರಡೂ ಕಡೆ ಸಮನಾಗಿ ಕೇಳಿಸುವುದಷ್ಟೆ. ಆದುದರಿಂದ ಒಂದೊಂದು ಮೆಟ್ಟಿಲಿಗೂ ಅಳೆದು ಜೋಡಿಸಿದ ಬಿಡಿ ರೆಸಿಸ್ಟರುಗಳುಳ್ಳ ಸ್ವಿಚ್ಚೊಂದನ್ನು ಕೂರಿಸಿದೆವು. ಅಲ್ಪ ಖರ್ಚಿನಲ್ಲಿ ಕೆಲಸ ನೆರವೇರಿತು.

ವಾಚಕ ಮಹಾಶಯರೇ, ಮನೆಯ ಹಿರಿಯರು ತಮಗೆ ಕೇಳಿಸದೆಂದರೆ ವೈದ್ಯರಿಗೆ ತೋರಿಸುವುದು ಅವಶ್ಯ. ಆದರೆ ಯಂತ್ರವನ್ನೂ ಒಮ್ಮೆ ಪರೀಕ್ಷಿಸಿರಿ. ತನ್ನದಲ್ಲದ ದೋಷವನ್ನು ವೃದ್ಧಾಪ್ಯವು ಬಹುಬೇಗನೆ ಒಪ್ಪಿಕೊಳ್ಳುತ್ತದೆ. ಈಗ ನಮ್ಮಲ್ಲಿ ಮಕ್ಕಳು ಮಲಗಿರುವರು. ತಂದೆಯವರು ಮೆಲ್ಲಗೆ ತಾಳ ಹಾಕುತ್ತಿರುವರು.